ವಿದ್ಯುತ್ ನೆರವಿನ ಸಿಂಟರಿಂಗ್: ಇತಿಹಾಸ

ಲೋಹ ಅಥವಾ ಸೆರಾಮಿಕ್ ಪುಡಿಯನ್ನು ಪೂರ್ತಿ ಕರಗಿಸದೆ, ಅದರ ಮೂಲಕವೋ ಅದನ್ನು ತುಂಬಿದ ಅಚ್ಚಿನ ಮೂಲಕವೋ ವಿದ್ಯುತ್ ಹರಿಸಿ ಗಟ್ಟಿ ವಸ್ತುವಾಗಿಸುವ ವಿಧಾನ. ಇದು 1960ರ ದಶಕದ ಜಪಾನಿನಲ್ಲಿ ಹುಟ್ಟಿತೆಂದು ಹಲವೆಡೆ ಬರೆದಿರುವುದುಂಟು. ಪೇಟೆಂಟ್ ಕಡತಗಳು ಇದನ್ನು ಒಪ್ಪುವುದಿಲ್ಲ. ಬಲ್ಬಿನ ತಂತು ತಯಾರಿಸಲು ನೇರ ವಿದ್ಯುತ್ ಬಳಸುವ ಪೇಟೆಂಟ್ ಎ. ಜಿ. ಬ್ಲಾಕ್ಸಮ್ ಹೆಸರಿನಲ್ಲಿ 1906ರಲ್ಲೇ ಇದೆ. 1913ರಲ್ಲಿ ವೈನ್‌ಟ್ರಾಬ್ ಮತ್ತು ರಶ್ ವಿದ್ಯುತ್ತಿನ ಜೊತೆಗೆ ಒತ್ತಡವನ್ನೂ ಸೇರಿಸಿದರು. 1933ರಲ್ಲಿ ಜಿ. ಎಫ್. ಟೇಲರ್ ಕೆಪಾಸಿಟರ್‌ನಲ್ಲಿ ಕೂಡಿಟ್ಟ ವಿದ್ಯುತ್ತನ್ನು ಒಮ್ಮೆಲೇ ಹರಿಸಿ ಕಾರ್ಬೈಡ್ ಪುಡಿಯನ್ನು ಬೆಸೆದರು.

ಜಪಾನಿನ ಕಿಯೋಶಿ ಇನೊವೆ ಅವರು ಈ ವಿಧಾನಕ್ಕೆ ಪಡೆದ ಅಮೆರಿಕದ ಪೇಟೆಂಟ್‌ಗಳು 1966ರವು. ಅವುಗಳ ಅವಧಿ ಮುಗಿದ ಮೇಲೆ, 1990ರ ಸುಮಾರಿಗೆ, ಸುಮಿಟೊಮೊ ಕಲ್ಲಿದ್ದಲು ಕಂಪನಿ ‘ಸ್ಪಾರ್ಕ್ ಪ್ಲಾಸ್ಮಾ’ ಯಂತ್ರಗಳನ್ನು ಮಾರುಕಟ್ಟೆಗೆ ತಂದಿತು. ಗ್ರಾಫೈಟ್ ಅಚ್ಚು, ಕೆಲವೇ ವೋಲ್ಟ್, ಸಾವಿರಾರು ಆಂಪಿಯರ್: ಯಂತ್ರದ ಸಾರ ಇಷ್ಟೆ. ಕಣಗಳ ನಡುವೆ ಕಿಡಿ ಹಾರಿ ಪ್ಲಾಸ್ಮಾ ಹುಟ್ಟುತ್ತದೆ, ಅದು ಕಣಗಳ ಮೈಯನ್ನು ಶುಚಿಗೊಳಿಸುತ್ತದೆ ಎಂಬ ವಿವರಣೆಯನ್ನು ಬಹುಕಾಲ ಹೆಚ್ಚಿನವರು ಹತ್ತಿರದಿಂದ ಪರೀಕ್ಷಿಸಲಿಲ್ಲ. 2008ರಲ್ಲಿ ಹಲ್ಬರ್ಟ್ ಮತ್ತು ಸಂಗಡಿಗರು ಬೆಳಕಿನ ವರ್ಣಪಟಲ, ಅತಿವೇಗದ ವೋಲ್ಟೇಜ್ ಅಳತೆ, ಬರಿಗಣ್ಣಿನ ವೀಕ್ಷಣೆ ಮೂರರಲ್ಲೂ ಹುಡುಕಿದರು, ಪ್ಲಾಸ್ಮಾ ಸಿಗಲಿಲ್ಲ. ಅಲ್ಯುಮಿನಾದಂಥ ವಿದ್ಯುತ್ ಹರಿಯದ ಪುಡಿಗಾದರೆ ಬಿಸಿ ಬರುವುದೇ ಅಚ್ಚಿನಿಂದ. ಹಳೆಯ ಹೆಸರೇನೋ ಯಂತ್ರಗಳ ಮೇಲೆ ಇನ್ನೂ ಇದೆ.

2010ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದ ಕೊಲೊನ್ಯಾ, ರಶ್ಕೋವಾ ಮತ್ತು ರಿಷಿ ರಾಜ್ ಅಚ್ಚನ್ನೇ ಕೈಬಿಟ್ಟು ಜಿರ್ಕೋನಿಯಾ ತುಂಡಿಗೆ ನೇರವಾಗಿ ವಿದ್ಯುತ್ ಕ್ಷೇತ್ರ ಒಡ್ಡಿದರು. ಸಾಮಾನ್ಯವಾಗಿ 1400 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಗಂಟೆಗಟ್ಟಲೆ ಬೇಯಬೇಕಾದದ್ದು, 850 ಡಿಗ್ರಿಯ ಕುಲುಮೆಯಲ್ಲಿ 5 ಸೆಕೆಂಡಿನೊಳಗೆ ಗಟ್ಟಿಯಾಯಿತು. ಇದೇ ‘ಫ್ಲ್ಯಾಶ್ ಸಿಂಟರಿಂಗ್’. ಹೊಸತೆಂದೇ ಇದನ್ನು ಎಣಿಸಲಾಗುತ್ತದೆ. ಆದರೆ ಮೊದಲು ಕಾಯಿಸಿ ವಿದ್ಯುತ್ ಹರಿಯುವಂತೆ ಮಾಡಿ, ಬಳಿಕ ವಿದ್ಯುತ್ ಹರಿಸಿ ಜಿರ್ಕೋನಿಯಾವನ್ನು ಬೆಸೆಯುವ ಕ್ರಮವನ್ನು ಡುವಾಲ್ ದಾದ್ರಿಯಾನ್ 1922ರಲ್ಲೇ ಬರೆದಿಟ್ಟಿದ್ದರು. ಇದನ್ನು ಪೂರ್ವಸೂಚನೆ ಎನ್ನಬಹುದು. ಅದೇ ವಿಧಾನ ಎನ್ನಲು ವೇಗದ ಅಳತೆಗಳು ಬೇಕು.

ಫ್ಲ್ಯಾಶ್ ಸಿಂಟರಿಂಗಿನ ಈ ವೇಗಕ್ಕೆ ಕಾರಣವೇನೆಂಬ ಜಗಳ ಮುಗಿದಿಲ್ಲ. ಬಿಸಿ ಏರಿದಷ್ಟೂ ಜಿರ್ಕೋನಿಯಾದಲ್ಲಿ ಹೆಚ್ಚು ವಿದ್ಯುತ್ ಹರಿಯುತ್ತದೆ, ಅದರಿಂದ ಬಿಸಿ ಮತ್ತೂ ಏರುತ್ತದೆ. ಫ್ಲ್ಯಾಶ್ ಶುರುವಾಗುವುದಕ್ಕೆ ಈ ಓಟವೇ ಸಾಕೆಂದು ಆಕ್ಸ್‌ಫರ್ಡ್‌ನ ಟಾಡ್ ತಂಡ 2015ರಲ್ಲಿ ಲೆಕ್ಕ ಹಾಕಿ ತೋರಿಸಿತು. ಕುಲುಮೆ 850 ಡಿಗ್ರಿ ತೋರಿಸುವಾಗ ತುಂಡಿನ ಒಳಗಿನ ಬಿಸಿ ಅದಕ್ಕಿಂತ ಬಹಳ ಹೆಚ್ಚು. ಕ್ಷೇತ್ರವೇ ಸ್ಫಟಿಕದಲ್ಲಿ ಹೊಸ ದೋಷಗಳನ್ನು ಹುಟ್ಟಿಸಿ ಪರಮಾಣುಗಳ ಚಲನೆಯನ್ನು ಚುರುಕುಗೊಳಿಸುತ್ತದೆ ಎಂಬುದು ರಾಜ್ ಅವರ ವಾದ. 2020ರಲ್ಲಿ ಮೇರಿಲ್ಯಾಂಡ್‌ನ ತಂಡವೊಂದು ಸೆರಾಮಿಕ್ ತುಂಡುಗಳನ್ನು ಇಂಗಾಲದ ಹಾಳೆಗಳ ನಡುವೆ ಇಟ್ಟು, ವಿದ್ಯುತ್ತನ್ನು ಹಾಳೆಗಳಲ್ಲಷ್ಟೇ ಹರಿಸಿ, ಸುಮಾರು 10 ಸೆಕೆಂಡಿನಲ್ಲಿ ಗಟ್ಟಿಗೊಳಿಸಿತು. ಅಲ್ಲಿ ವೇಗ ತಂದದ್ದು ಕ್ಷೇತ್ರವಲ್ಲ, ಬಿಸಿ ಏರಿದ ರಭಸ.