ಲೇವ್ಟಾ: ಖಂಭಾತ್ ಕೊಲ್ಲಿಯ ಕೆಸರಿನಲ್ಲಿ ತೆವಳುವ ಈ ಮೀನನ್ನು ಗುರುತಿಸುವುದು ಹೇಗೆ?

ಅಹಮದಾಬಾದ್: ಮೀನು ಅಂದ ಮೇಲೆ ನೀರಿನಲ್ಲೇ ಇರಬೇಕು ತಾನೇ? ಆದರೆ ಗುಜರಾತ್‌ನ ಖಂಭಾತ್ ಕೊಲ್ಲಿಯಲ್ಲಿ ಸಮುದ್ರ ಹಿಂದೆ ಸರಿದ ಹೊತ್ತಿನಲ್ಲೇ ಮೇಯಲು ಹೊರಡುವ ಮೀನೊಂದಿದೆ. ಸ್ಥಳೀಯರು ಇದನ್ನು ಲೇವ್ಟಾ ಎನ್ನುತ್ತಾರೆ. ಮಡ್‌ಸ್ಕಿಪ್ಪರ್ ಗುಂಪಿಗೆ ಸೇರಿದ ಇದರ ವೈಜ್ಞಾನಿಕ ಹೆಸರು ಬೋಲಿಯೊಫ್ತಾಲ್ಮಸ್ ಡುಸುಮಿಯೆರಿ. ಭಾರತದಿಂದ ಮಾದರಿಗಳನ್ನು ಸಂಗ್ರಹಿಸಿದ್ದ ಫ್ರೆಂಚ್ ಸಂಚಾರಿ ಡುಸುಮಿಯೆ ಅವರ ನೆನಪಿಗೆ 1837ರಲ್ಲಿ ಈ ಹೆಸರು ಬಂತು. ಪರ್ಷಿಯನ್ ಕೊಲ್ಲಿಯಿಂದ ಭಾರತದ ಪಶ್ಚಿಮ ಕರಾವಳಿಯವರೆಗೆ ಇದರ ನೆಲೆ.

ಖಂಭಾತ್ ಕೊಲ್ಲಿಯ ಉಬ್ಬರವಿಳಿತ ದೇಶದಲ್ಲೇ ಅತಿ ದೊಡ್ಡದು. ಭಾವನಗರದ ಬಳಿ ನೀರು 10 ಮೀಟರ್‌ವರೆಗೂ ಏರಿಳಿಯುತ್ತದೆ. ಹೀಗಾಗಿ ಅಹಮದಾಬಾದ್ ಜಿಲ್ಲೆಯ ಧೊಲೇರಾ ತೀರ, ವಡೋದರಾ ಕಡೆಯ ಮಹಿ ನದಿಯ ಅಳಿವೆ, ಸೂರತ್ ಬಳಿಯ ತಾಪಿ ಅಳಿವೆಗಳಲ್ಲಿ ವಿಶಾಲವಾದ ಕೆಸರು ಬಯಲುಗಳಿವೆ. ಲೇವ್ಟಾಗೆ ಬೇಕಿರುವುದೂ ಅದೇ.

ಗುರುತು ಹಿಡಿಯುವುದು ಹೇಗೆ? ಉದ್ದ ಹೆಚ್ಚೆಂದರೆ ಒಂದು ಗೇಣು. ಕಪ್ಪೆಯಂತೆ ತಲೆಯ ಮೇಲೆ ಉಬ್ಬಿದ ಕಣ್ಣುಗಳು. ಬೆನ್ನಿನ ಮೇಲೆ ಎರಡು ಈಜುರೆಕ್ಕೆ, ಎರಡನೆಯದು ಬಾಲದವರೆಗೂ ಉದ್ದ. ಹೊಟ್ಟೆಯ ಕೆಳಗಿನ ರೆಕ್ಕೆಗಳು ಕೂಡಿಕೊಂಡು ಬಟ್ಟಲಿನಂತಾಗಿವೆ.

ನಿಜವಾದ ಗುರುತು ಇರುವುದು ದವಡೆಯಲ್ಲಿ. ಮೇಲ್ದವಡೆಯ ಹಲ್ಲುಗಳು ನೇರವಾಗಿ ಕೆಳಮುಖವಾಗಿದ್ದರೆ, ಕೆಳದವಡೆಯ ಹಲ್ಲುಗಳು ಅಡ್ಡಲಾಗಿ ಮಲಗಿರುತ್ತವೆ. ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾ, ಸಲಿಕೆಯಿಂದ ಕೆರೆದಂತೆ ಕೆಸರಿನ ಮೇಲ್ಪದರದ ಸೂಕ್ಷ್ಮ ಪಾಚಿಯನ್ನು ಇದು ಕೆರೆದು ತಿನ್ನುತ್ತದೆ. ಹುಳು, ಏಡಿ ಬೇಟೆಯಾಡುವ ಪೆರಿಯೊಫ್ತಾಲ್ಮಸ್ ಮಡ್‌ಸ್ಕಿಪ್ಪರ್‌ಗಳಿಗೆ ಇಂಥ ಮಲಗಿದ ಹಲ್ಲುಗಳಿಲ್ಲ.

ಗೊಂದಲ ಹುಟ್ಟಿಸುವುದು ಹತ್ತಿರದ ಸಂಬಂಧಿ ಬೋಲಿಯೊಫ್ತಾಲ್ಮಸ್ ಬೊಡ್ಡಾರ್ಟಿ. ನೋಡಲು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಹುರುಪೆಯಲ್ಲಿದೆ. ದೇಹದ ಉದ್ದಕ್ಕೆ ಎಣಿಸಿದರೆ ಬೊಡ್ಡಾರ್ಟಿಯಲ್ಲಿ ಸಾಲಿನ ಹುರುಪೆಗಳು 80 ದಾಟುವುದಿಲ್ಲ, ಲೇವ್ಟಾದಲ್ಲಿ ನೂರಕ್ಕೂ ಹೆಚ್ಚು. ಮೀನು ಮಾರುಕಟ್ಟೆಯಲ್ಲಿ ನಿಂತು ಎಣಿಸುವ ಕೆಲಸವಲ್ಲ ಬಿಡಿ, ಭೂತಗನ್ನಡಿ ಬೇಕು.

ಬಾಯಿಯಿಂದಲೇ ಕೆಸರು ತೆಗೆದು ಬಿಲ ತೋಡುವ ಈ ಮೀನು, ಉಬ್ಬರದ ವೇಳೆ ಅದರೊಳಗೆ ಸೇರಿಕೊಳ್ಳುತ್ತದೆ. ಮೊಟ್ಟೆ ಇಡುವುದೂ ಅಲ್ಲೇ. ದಕ್ಷಿಣ ಗುಜರಾತ್‌ನಲ್ಲಿ ಲೇವ್ಟಾ ಊಟದ ಮೀನೂ ಹೌದು. ಕೆಸರಿಗಿಳಿದು ಹಿಡಿಯುವ ಬಡ ಮೀನುಗಾರರಿಗೆ ಇದೇ ಆದಾಯ.

ಈಗಿರುವ ಪ್ರಶ್ನೆ ಕೆಸರಿನದ್ದು. ಭರೂಚ್ ಮತ್ತು ಭಾವನಗರ ನಡುವೆ ಕೊಲ್ಲಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟಿ ಸಿಹಿನೀರು ಸಂಗ್ರಹಿಸುವ ಕಲ್ಪಸರ್ ಯೋಜನೆ ದಶಕಗಳಿಂದ ಪ್ರಸ್ತಾಪದಲ್ಲಿದೆ. ಅದು ಜಾರಿಯಾದರೆ ಒಳಭಾಗದಲ್ಲಿ ಸಮುದ್ರದ ಏರಿಳಿತವೇ ಇರುವುದಿಲ್ಲ. ಧೊಲೇರಾ ತೀರ, ಮಹಿ ಅಳಿವೆ ಎರಡೂ ಬರುವುದು ಈ ಒಳಭಾಗಕ್ಕೆ. ಸೂರತ್‌ನ ತಾಪಿ ಅಳಿವೆ ಹೊರಗುಳಿಯುತ್ತದೆ. ಆದರೆ ಅಲ್ಲಿ ಹಜೀರಾದ ಬಂದರು, ಕಾರ್ಖಾನೆಗಳು ಈಗಾಗಲೇ ತೀರಕ್ಕೆ ಬಂದು ನಿಂತಿವೆ.