ಕಾರಂಜಿಗೂ ಮೊದಲು ಕೆರೆ

ಮನೆ ಮುಂದೆ ನಾಲ್ಕಡಿ ಜಾಗ ಉಳಿದರೆ ಸಾಕು, ಈಗ ಅಲ್ಲೊಂದು ಕಾರಂಜಿ ಬರುತ್ತದೆ. ಅಂಗಡಿಯಿಂದ ತಂದ ತೊಟ್ಟಿ, ಒಳಗೊಂದು ಪುಟ್ಟ ಪಂಪು, ಗೋಡೆಯಲ್ಲಿ ಸ್ವಿಚ್ಚು. ಎಲ್ಲಿಡಬೇಕು ಎಂದರೆ, ಗೇಟಿನಿಂದ ಚೆನ್ನಾಗಿ ಕಾಣುವ ಕಡೆ ಎನ್ನುತ್ತೇವೆ. ನಾನೂರು ವರ್ಷಗಳ ಹಿಂದಿನ ಬಿಜಾಪುರದಲ್ಲಿ, ಅಂದರೆ ಇಂದಿನ ವಿಜಯಪುರದಲ್ಲಿ, ಆ ಜಾಗವನ್ನು ಮೊದಲು ನೀರೇ ತೀರ್ಮಾನಿಸುತ್ತಿತ್ತು.

ಆದಿಲ್‌ಶಾಹಿಗಳು ಆಳಿದ್ದು 1490ರಿಂದ 1686ರವರೆಗೆ. ಆಗ ಕರೆಂಟೂ ಇಲ್ಲ, ಪಂಪೂ ಇಲ್ಲ. ಕಾರಂಜಿ ಚಿಮ್ಮಬೇಕಾದರೆ ನೀರು ಅದಕ್ಕಿಂತ ಎತ್ತರದಲ್ಲಿ ನಿಂತಿರಬೇಕು. ಆ ಮಟ್ಟವನ್ನು ದಾಟಿ ನೀರು ತಾನಾಗಿ ಏರುವುದಿಲ್ಲ. ಹಾಗಾಗಿ ಮೊದಲು ಕೆರೆ, ಆಮೇಲೆ ಕೊಳವೆ, ಕೊನೆಗೆ ಕಾರಂಜಿ.

1651ರಲ್ಲಿ ಮುಹಮ್ಮದ್ ಆದಿಲ್‌ಶಾ ಊರಿನ ದಕ್ಷಿಣಕ್ಕೆ ಬೇಗಂ ತಾಲಾಬ್ ಎಂಬ ಕೆರೆ ಕಟ್ಟಿಸಿದ. ಅಲ್ಲಿನ ನೀರು ನೆಲದಡಿಯ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ಬರುತ್ತಿತ್ತು. ದಾರಿಯಲ್ಲಿ ಗಂಜ್ ಎಂಬ ಗೋಪುರಗಳಿದ್ದವು. ಅವುಗಳಲ್ಲಿ ಒತ್ತಡ ತಗ್ಗಿ ಕೊಳವೆ ಒಡೆಯದೆ ಉಳಿಯುತ್ತಿತ್ತು, ಹೂಳು ತಳದಲ್ಲೇ ನಿಲ್ಲುತ್ತಿತ್ತು.

ಊರಿನ ಪೂರ್ವಕ್ಕಿರುವ ಕುಮಟಗಿಯಲ್ಲಿ ಇದೇ ಲೆಕ್ಕ ಸೊಗಸಾಗಿ ಕಾಣುತ್ತದೆ. ಅರಸು ಮನೆತನದವರು ಬೇಸಿಗೆಯ ಧಗೆ ಕಳೆಯಲು ಬರುತ್ತಿದ್ದ ಮಂಟಪಗಳು ಕೆರೆಯ ಮಗ್ಗುಲಲ್ಲೇ ಇವೆ. ಎತ್ತರದ ತೊಟ್ಟಿಯ ನೀರು ಕೊಳವೆಯಲ್ಲಿಳಿದು ಕಾರಂಜಿಯಾಗುತ್ತಿತ್ತು, ಚಾವಣಿಯಿಂದಲೂ ತುಂತುರಾಗಿ ಬೀಳುತ್ತಿತ್ತು. ಗೋಡೆಗಳ ಮೇಲೆ ಪೋಲೋ ಆಟದ ಚಿತ್ರ ಈಗಲೂ ಮಸುಕಾಗಿ ಉಳಿದಿದೆ. ಕಾರಂಜಿಗಳು ಮಾತ್ರ ಒಣಗಿವೆ.

ಅದು ಅರಸರ ಭೋಗ, ನಿಜ. ಆದರೆ ಕೆರೆ ಬತ್ತಿದರೆ ಆ ಭೋಗವೂ ನಿಲ್ಲುತ್ತಿತ್ತು. ನೀರೆಷ್ಟಿದೆ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಪಂಪು ಅದನ್ನು ಮರೆಮಾಡಿದೆ. ಇನ್ನೂರು ಅಡಿ ಆಳದ ಬೋರ್‌ವೆಲ್ ನೀರು ಸ್ವಿಚ್ಚು ಒತ್ತಿದೊಡನೆ ಕುಣಿಯುತ್ತದೆ, ಕೆಳಗೆ ಎಷ್ಟು ಉಳಿದಿದೆ ಎಂದು ಯಾರಿಗೂ ಕಾಣುವುದಿಲ್ಲ. ಹಳ್ಳಿಗಳ ಸುದ್ದಿ ಬರೆಯುವ ನಮಗೆ ಬತ್ತಿದ ಬೋರ್‌ವೆಲ್ ಹೊಸದಲ್ಲ. ಹಾಗಾಗಿ ಕುಮಟಗಿಯ ಲೆಕ್ಕ ನಮಗೆ ಬರೀ ಹಳೆಯ ಕಥೆಯಲ್ಲ.

ಕಾರಂಜಿ ಬೇಡ ಎನ್ನುತ್ತಿಲ್ಲ. ತೊಟ್ಟಿಯ ಅಗಲ ನೀರು ಚಿಮ್ಮುವ ಎತ್ತರದ ಎರಡರಷ್ಟಾದರೂ ಇರಲಿ, ಗಾಳಿಗೆ ಹನಿ ಹೊರಬೀಳುವುದು ತಗ್ಗುತ್ತದೆ. ಮರದಡಿ ಬೇಡ, ಎಲೆ ಬಿದ್ದು ಪಂಪು ಕಟ್ಟುತ್ತದೆ. ಗೋಡೆಯ ನೆರಳು ಸಿಕ್ಕರೆ ಒಳ್ಳೆಯದು, ನೀರು ಬೇಗ ಆರುವುದಿಲ್ಲ. ಇದಕ್ಕೆಲ್ಲ ಮೊದಲು ಚಾವಣಿಯ ಮಳೆನೀರು ಹಿಡಿಯಲು ಒಂದು ಟ್ಯಾಂಕು ಕಟ್ಟಿಸಿ. ಅದು ತುಂಬಿದ ವರ್ಷ ಕಾರಂಜಿ ಚಿಮ್ಮಲಿ.