ಲಸಿಕೆಯ ಗುಣ-ದೋಷ: ತಿರುವನಂತಪುರ ಮತ್ತು ಕೊಚ್ಚಿ ಕಲಿಸಿದ ಪಾಠ

ಲಸಿಕೆಯಿಂದ ಲಾಭವೆಷ್ಟು, ಅಡ್ಡಪರಿಣಾಮವೆಷ್ಟು ಎಂಬ ಪ್ರಶ್ನೆ ಹೊಸದೇನಲ್ಲ. ಕೇರಳದ ಎರಡು ಪ್ರಮುಖ ನಗರಗಳು ಎರಡು ಬೇರೆ ಕಾಲಗಳಲ್ಲಿ ಇದನ್ನು ಎದುರಿಸಿವೆ.

ತಿರುವನಂತಪುರ ರಾಜಧಾನಿಯಾಗಿದ್ದ ತಿರುವಾಂಕೂರು ಸಂಸ್ಥಾನದಲ್ಲಿ 1813ರಲ್ಲಿ, ರಾಣಿ ಗೌರಿ ಲಕ್ಷ್ಮೀಬಾಯಿಯವರ ಆಳ್ವಿಕೆಯಲ್ಲಿ, ಸಿಡುಬಿನ ಲಸಿಕೆ ಜಾರಿಗೆ ಬಂದಿತು. ಜನರ ಭೀತಿಯನ್ನು ನಿವಾರಿಸಲು ರಾಜಮನೆತನದವರೇ ಮೊದಲು ದೇವಿ ಹಾಕಿಸಿಕೊಂಡರು. ಅದಕ್ಕೂ ಮುನ್ನ, 1806ರಲ್ಲಿ, ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಇದೇ ಮೇಲ್ಪಂಕ್ತಿ ಹಾಕಿದ್ದರು. ಭಾರತವು 1977ರಲ್ಲಿ ಸಿಡುಬುಮುಕ್ತವೆಂದು ಘೋಷಿತವಾಯಿತು; 1980ರಲ್ಲಿ ಜಗತ್ತೇ ಆ ಪಿಡುಗಿನಿಂದ ಪಾರಾಯಿತು.

ಇಂದಿನ ಲೆಕ್ಕಕ್ಕೆ ದಡಾರವನ್ನು ತೆಗೆದುಕೊಳ್ಳೋಣ. ದಡಾರ ತಗಲಿದ ಸುಮಾರು 1000 ಮಂದಿಯಲ್ಲಿ ಒಬ್ಬರಿಗೆ ಮೆದುಳಿನ ಉರಿಯೂತ ಉಂಟಾಗುತ್ತದೆ. ಲಸಿಕೆ ಪಡೆದವರಲ್ಲಿ ಕೆಲವರಿಗೆ ಒಂದೆರಡು ದಿನ ಜ್ವರ ಅಥವಾ ಗಂಧೆ ಕಾಣಿಸಬಹುದು. ಪ್ರಾಣಾಪಾಯ ತರಬಲ್ಲ ತೀವ್ರ ಅಲರ್ಜಿಯಾದರೋ ಸುಮಾರು 10 ಲಕ್ಷ ಡೋಸುಗಳಿಗೆ ಒಂದು. ದಡಾರ-ರುಬೆಲ್ಲಾ ಲಸಿಕಾ ಅಭಿಯಾನವು 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿಯೂ ಅಕ್ಟೋಬರ್‌ನಲ್ಲಿ ಕೇರಳದಲ್ಲಿಯೂ ನಡೆಯಿತು.

ಆದರೆ ಆ ವಿರಳ ಅಪಾಯ ಯಾರ ಮನೆಗೆ ಬಂದಿತೋ ಅವರಿಗೆ ಅಂಕಿ-ಅಂಶಗಳು ಸಮಾಧಾನ ನೀಡಲಾರವು. ಕೋವಿಶೀಲ್ಡ್ ಪಡೆದವರಲ್ಲಿ ಅತಿ ವಿರಳವಾಗಿ ಪ್ಲೇಟ್‌ಲೆಟ್ ಕುಸಿದು ರಕ್ತ ಹೆಪ್ಪುಗಟ್ಟುವ ತೊಂದರೆ ಕಂಡುಬಂದಿತು. ಕೊಚ್ಚಿಯಲ್ಲಿರುವ ಕೇರಳ ಉಚ್ಚ ನ್ಯಾಯಾಲಯವು 2022ರ ಸೆಪ್ಟೆಂಬರ್‌ನಲ್ಲಿ, ಕೋವಿಡ್ ಲಸಿಕೆಯ ದುಷ್ಪರಿಣಾಮದಿಂದಾದ ಮರಣಗಳನ್ನು ಗುರುತಿಸಿ ಅವಲಂಬಿತರಿಗೆ ಪರಿಹಾರ ನೀಡಲು ಮಾರ್ಗಸೂಚಿ ರೂಪಿಸುವಂತೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಮಧ್ಯಂತರ ಆದೇಶ ನೀಡಿತು. ಇದರ ವಿರುದ್ಧ ಕೇಂದ್ರ ಸರಕಾರವು ಸರ್ವೋಚ್ಚ ನ್ಯಾಯಾಲಯದ ಮೊರೆ ಹೋಯಿತು.

ಆದ್ದರಿಂದ ಓದುಗರು ಗಮನಿಸಬೇಕಾದ ಕೆಲವು ಸಂಗತಿಗಳು ಇಂತಿವೆ. ಹಿಂದಿನ ಡೋಸಿನಿಂದ ತೀವ್ರ ಅಲರ್ಜಿ ಆಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಗರ್ಭಿಣಿಯರು ದಡಾರ-ರುಬೆಲ್ಲಾ ಲಸಿಕೆ ಪಡೆಯಬಾರದು. ಚುಚ್ಚುಮದ್ದಿನ ನಂತರ ಅರ್ಧ ಗಂಟೆ ಕೇಂದ್ರದಲ್ಲಿಯೇ ಕುಳಿತಿರಬೇಕು. ಆನಂತರ ಉಸಿರಾಟದ ತೊಂದರೆ, ಎದೆನೋವು, ಬಿಡದ ತಲೆನೋವು ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಆರೋಗ್ಯ ಕೇಂದ್ರದಲ್ಲಿ ಅದನ್ನು ದಾಖಲಿಸಬೇಕು.

ತಕ್ಕಡಿಯಲ್ಲಿ ಲಸಿಕೆಯ ಲಾಭದ ತಟ್ಟೆಯೇ ಭಾರವಾದುದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಇನ್ನೊಂದು ತಟ್ಟೆಯಲ್ಲಿರುವುದನ್ನು ಮರೆಮಾಚದೆ ಎಣಿಸಿ, ನೊಂದವರ ಕೈ ಹಿಡಿದಾಗಲೇ ಜನರ ವಿಶ್ವಾಸ ಉಳಿಯುತ್ತದೆ. ಎಲ್ಲರ ಹಿತಕ್ಕಾಗಿ ಲಸಿಕೆ ಪಡೆದು ನೊಂದವರ ಹೊಣೆಯೂ ಎಲ್ಲರದೇ ಎಂದು ನಾವು ಭಾವಿಸುತ್ತೇವೆ.